ನಡುವಿನ ಆ ‘ಕ್ಕೆ’ ನಾನು ಹಾಕಿದ್ದು

ಕೆಲವು ವರ್ಷದ ಹಿಂದೆ ಸೆಕೆಂಡ್ ಪಿಯು ರಿಸಲ್ಟ್ ಬಂದ ದಿನ ನಾನೊಂದು ಸುದ್ದಿ ಬರೆದೆ. ಇಪ್ಪತ್ತೇ ನಿಮಿಷದಲ್ಲಿ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ಅಂತ ತುಂಬಾ ದಿನ ನಂಬಿಕೊಂಡಿದ್ದೆ.

ಯಾವ ವರ್ಷ, ಯಾವ ಹಳ್ಳಿ ಅಂತ ಇಲ್ಲಿ ಹೇಳುವುದಿಲ್ಲ. ಯಾಕೆ ಅನ್ನುವುದು ಓದುತ್ತಾ ಹೋದರೆ ಗೊತ್ತಾಗುತ್ತದೆ.

ನಾನು ಹುಟ್ಟಿ ಬೆಳೆದದ್ದು ಹೊಳೆಹೊನ್ನೂರಿನಲ್ಲಿ. ಭದ್ರಾವತಿ ತಾಲ್ಲೂಕು, ಭದ್ರಾ ಹೊಳೆಯ ದಂಡೆ. ಅಮ್ಮ ಸುತ್ತಮುತ್ತಲ ಹಳ್ಳಿಗಳ ಸರ್ಕಾರಿ ಶಾಲೆಗಳಲ್ಲಿ ಟೀಚರಾಗಿದ್ದವಳು. ಅಪ್ಪ ಭದ್ರಾವತಿಯ ಪೇಪರ್ ಮಿಲ್ಲಿನಲ್ಲಿ, ಅಂದರೆ ಎಂಪಿಎಂನಲ್ಲಿ ಕೆಲಸಕ್ಕಿದ್ದರು. ಮೈಸೂರು ಮಹಾರಾಜರ ಕಾಲದಲ್ಲಿ, 1930ರ ದಶಕದಲ್ಲಿ ಶುರುವಾದ ಆ ಕಾರ್ಖಾನೆಯಿಂದ ಪತ್ರಿಕೆಗಳಿಗೆ ನ್ಯೂಸ್‌ಪ್ರಿಂಟ್ ಹೋಗುತ್ತಿತ್ತು. ‘ಊರೆಲ್ಲ ಓದೋ ಸುದ್ದಿಗೆ ಕಾಗದ ಮಾಡೋರು ನಾವು’ ಅಂತ ಅಪ್ಪನಿಗೆ ಸಣ್ಣದೊಂದು ಜಂಬ. ಅದೇ ಜಂಬ ನನಗೂ ಹತ್ತಿರಬೇಕು, ಪತ್ರಿಕೋದ್ಯಮ ಓದಿದೆ. ಈಗ ಮಿಲ್ಲು ನಿಂತು ಎಷ್ಟೋ ವರ್ಷ ಆಯಿತು. ನಾನು ಸೇರಿದ್ದು ಕಾಗದವೇ ಬೇಡದ ಕೆಲಸಕ್ಕೆ: ಬೆಂಗಳೂರಿನ ಒಂದು ನ್ಯೂಸ್ ವೆಬ್‌ಸೈಟಿನ ಡೆಸ್ಕು.

ರಿಸಲ್ಟ್ ದಿನ ಮಧ್ಯಾಹ್ನ ಪಕ್ಕದ ಸೀಟಿನವರು ಕೇಳಿದರು. ‘ನಿಮ್ ಭದ್ರಾವತಿ ಕಡೆ ಒಂದು ಹುಡುಗಿ ತೀರ್ಕೊಂಡಿದಾಳಂತೆ. ನಿನಗೆ ಗೊತ್ತಿರೋರು ಇರ್ತಾರಲ್ಲ?’

ಇದ್ದರು. ಎರಡು ಫೋನು ಮಾಡಿದೆ. ಒಬ್ಬರು ಹೆಸರು ಕೊಟ್ಟರು, ಇನ್ನೊಬ್ಬರು ಫೋಟೋ ಕಳಿಸಿದರು. ಕಾಲೇಜಿನ ಯಾವುದೋ ಫಂಕ್ಷನ್ನಿಗೆ ಸೀರೆ ಉಟ್ಟುಕೊಂಡು ನಕ್ಕ ಫೋಟೋ, ಗೆಳತಿಯ ವಾಟ್ಸಾಪ್ ಸ್ಟೇಟಸ್ಸಿನಿಂದ ತೆಗೆದದ್ದು. ಒಂದು ವಿಷಯದಲ್ಲಿ ಫೇಲಾಗಿದ್ದಾಳೆ ಅನ್ನುವುದು ಖಾತ್ರಿಯಾಯಿತು. ಸಾವು ಹೇಗಾಯಿತು ಅನ್ನುವುದು ಠಾಣೆಯಿಂದ ಖಾತ್ರಿಯಾಯಿತು. ‘ಪಿಯು ಫೇಲಾಗಿದ್ದಕ್ಕೆ ವಿದ್ಯಾರ್ಥಿನಿ ಆತ್ಮಹತ್ಯೆ’ ಅಂತ ತಲೆಬರಹ ಕೊಟ್ಟೆ. ಹೇಗೆ, ಎಲ್ಲಿ, ಯಾರು ಮೊದಲು ನೋಡಿದರು, ಎಲ್ಲ ಬರೆದೆ. ಆ ದಿನ ನಮ್ಮ ಸೈಟಿನಲ್ಲಿ ಹೆಚ್ಚು ಜನ ಓದಿದ ಸುದ್ದಿಗಳಲ್ಲಿ ಅದೂ ಒಂದು. ಸಂಜೆ ಮೀಟಿಂಗಿನಲ್ಲಿ ‘ಫಾಸ್ಟಾಗಿ ಮಾಡಿದೀಯ’ ಅಂದರು. ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ನಿಜವಾಗಲೂ ಖುಷಿಯಾಯಿತು.

ರಾತ್ರಿ ಅಮ್ಮನ ಫೋನು.

‘ಅದು ನೀನು ಬರ್ದಿದ್ದಾ?’

‘ಹೂಂ.’

‘ಆ ಹುಡುಗಿ ನನ್ ಹತ್ರ ಮೂರನೇ ಕ್ಲಾಸ್ ಓದಿದ್ದು ಕಣೇ.’ ಅಷ್ಟೇ. ಬೈಯಲಿಲ್ಲ. ಫೋನ್ ಇಟ್ಟಳು.

ಆಮೇಲೆ ಊರಿಗೆ ಹೋದಾಗ ಅಮ್ಮ ‘ಬಾ, ಒಂದು ಕಡೆ ಹೋಗಿ ಬರೋಣ’ ಅಂದಳು. ಎಲ್ಲಿಗೆ ಅಂತ ಹೇಳದಿದ್ದರೂ ಅರ್ಥವಾಯಿತು. ಮನೆಯಲ್ಲಿ ಹುಡುಗಿಯ ತಾಯಿ ಮತ್ತು ತಂಗಿ. ತಂಗಿ ಹೈಸ್ಕೂಲು. ಒಳಗೇ ಇದ್ದಳು, ಹೊರಗೆ ಬರಲಿಲ್ಲ. ಕ್ಲಾಸಿನಲ್ಲಿ ಯಾರೋ ಮೊಬೈಲಿನಲ್ಲಿ ಅಕ್ಕನ ಸುದ್ದಿ ತೋರಿಸಿ ‘ನೀನೂ ಫೇಲಾದ್ರೆ ಹಿಂಗೇ ಮಾಡ್ತೀಯಾ’ ಅಂದರಂತೆ. ಅವತ್ತಿನಿಂದ ಶಾಲೆಗೆ ಹೋಗಲ್ಲ ಅಂತ ಹಟ.

ನಾನೇ ಬರೆದದ್ದು ಅಂತ ಹೇಳಿದೆ. ಹೇಳಲೇಬೇಕು ಅಂತ ಅಮ್ಮ ದಾರಿಯಲ್ಲೇ ಹೇಳಿದ್ದಳು. ಆ ತಾಯಿ ಕೂಗಾಡಿದ್ದರೆ ಸುಲಭವಾಗುತ್ತಿತ್ತು. ಕಾಫಿ ಲೋಟ ನನ್ನ ಮುಂದಿಟ್ಟು ಒಂದೇ ಪ್ರಶ್ನೆ ಕೇಳಿದರು.

‘ಫೇಲಾಗಿದ್ದಕ್ಕೆ ಅಂತ ನಿಮಗೆ ಯಾರು ಹೇಳಿದ್ರವ್ವಾ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾರೂ ಹೇಳಿರಲಿಲ್ಲ. ಅವರೇ ಹೇಳಿದರು. ಎಷ್ಟೋ ತಿಂಗಳಿಂದ ಅವಳಿಗೆ ನಿದ್ದೆ ಇರಲಿಲ್ಲ, ಊಟ ಸೇರುತ್ತಿರಲಿಲ್ಲ, ಶಿವಮೊಗ್ಗದ ಆಸ್ಪತ್ರೆಗೆ ಎರಡು ಸಲ ಕರೆದುಕೊಂಡು ಹೋಗಿದ್ದರು. ‘ಅವಳಿಗೆ ಹುಷಾರಿರಲಿಲ್ಲ. ಈಗ ಊರೋರೆಲ್ಲ, ಒಂದು ಸಬ್ಜೆಕ್ಟಿಗೆ ಹಿಂಗ್ ಮಾಡ್ಕೊಂಡ್ಲಲ್ಲ ಅಂತಾರೆ.’

ಫೇಲಾಗಿದ್ದು ನಿಜ. ಸತ್ತಿದ್ದೂ ನಿಜ. ಎರಡರ ನಡುವೆ ಇದ್ದ ‘ಕ್ಕೆ’ ಮಾತ್ರ ನಾನು ಹಾಕಿದ್ದು.

ಪತ್ರಿಕೋದ್ಯಮದ ಕ್ಲಾಸಿನಲ್ಲಿ ನೀತಿಶಾಸ್ತ್ರದ ಒಂದು ಪೇಪರ್ ಇತ್ತು. ಕಾಂಟ್, ಮಿಲ್, ಅರಿಸ್ಟಾಟಲ್ ಎಲ್ಲರೂ ಬಂದು ಹೋಗುತ್ತಿದ್ದರು. ಹತ್ತು ಮಾರ್ಕ್ಸಿಗೆ ಎಷ್ಟು ಬೇಕೋ ಅಷ್ಟು ಬಾಯಿಪಾಠ ಮಾಡಿ ಬರೆದು ಮರೆತಿದ್ದೆ. ಆ ಮನೆಯಿಂದ ಬಂದ ಮೇಲೆ ಹಳೇ ನೋಟ್ಸ್ ಹುಡುಕಿ ತೆಗೆದೆ. ಮೊದಲು ಕಣ್ಣಿಗೆ ಬಿದ್ದದ್ದು ಡೇವಿಡ್ ಹ್ಯೂಮ್. ನೀತಿಯ ಪಾಠದಲ್ಲಿ ಅವನಿಗೆ ಹೆಚ್ಚು ಜಾಗ ಇರಲಿಲ್ಲ, ಆದರೆ ನನ್ನ ತಲೆಬರಹಕ್ಕೆ ಮೊದಲು ಸಿಕ್ಕವನು ಅವನೇ. ಹದಿನೆಂಟನೇ ಶತಮಾನದ ಈ ಸ್ಕಾಟ್ಲೆಂಡಿನವನು ಹೇಳಿದ್ದು ಇಷ್ಟು: ಒಂದಾದ ಮೇಲೊಂದು ನಡೆಯುವುದು ನಮ್ಮ ಕಣ್ಣಿಗೆ ಕಾಣುತ್ತದೆ, ಒಂದರಿಂದಲೇ ಇನ್ನೊಂದು ಆಯಿತು ಅನ್ನುವುದು ಎಲ್ಲೂ ಕಾಣುವುದಿಲ್ಲ. ಅದನ್ನು ಸೇರಿಸುವುದು ನಮ್ಮ ಮನಸ್ಸಿನ ಅಭ್ಯಾಸ. ಅವನಿಗೆ ಅದು ಜ್ಞಾನದ ಪ್ರಶ್ನೆ. ಡೆಸ್ಕಿನಲ್ಲಿ ಕೂತವರಿಗೆ ಅದೇ ನೀತಿಯ ಪ್ರಶ್ನೆ ಆಗಿಬಿಡುತ್ತದೆ. ಕನ್ನಡದಲ್ಲಿ ಅಂತೂ ಒಂದು ವಿಭಕ್ತಿ ಪ್ರತ್ಯಯ ಸಾಕು, ಕಾರಣ ಹುಟ್ಟಿಬಿಡುತ್ತದೆ. ‘ಬೈದಿದ್ದಕ್ಕೆ’, ‘ಮೊಬೈಲ್ ಕೊಡದ್ದಕ್ಕೆ’, ‘ಜಗಳವಾಡಿದ್ದಕ್ಕೆ’. ನಿಮ್ಮ ಫೋನಿನಲ್ಲಿ ಇವತ್ತು ಬಂದಿರುವ ತಲೆಬರಹಗಳನ್ನೇ ಒಮ್ಮೆ ನೋಡಿ.

ಕಾಂಟ್ 1785ರಲ್ಲಿ ಬರೆದದ್ದು ಇನ್ನೂ ನೇರವಾಗಿ ತಾಗುತ್ತದೆ. ಮನುಷ್ಯರನ್ನು ಯಾವತ್ತೂ ಬರೀ ಸಾಧನವಾಗಿ ಬಳಸಬೇಡ, ಅವರೇ ಒಂದು ಗುರಿ ಅಂತ ಕಾಣು ಅನ್ನುವುದು ಅವನ ಮಾತಿನ ಸಾರ. ಆ ಸೀರೆ ಉಟ್ಟ ಫೋಟೋ ಯಾಕೆ ಹಾಕಿದೆ? ಓದುಗರಿಗೆ ಅದರಿಂದ ಏನಾದರೂ ತಿಳಿಯಿತಾ? ಇಲ್ಲ. ಫೋಟೋ ಇದ್ದರೆ ಜನ ಒತ್ತುತ್ತಾರೆ. ಅವಳ ನಗು ನಮ್ಮ ಕ್ಲಿಕ್ಕಿಗೆ ಸಾಧನ. ಇದನ್ನು ಒಪ್ಪಿಕೊಳ್ಳುವುದಕ್ಕೆ ಕಾಂಟ್ ಬೇಕಾಗಿಲ್ಲ ಅಂತ ನೀವು ಅನ್ನಬಹುದು. ನನಗೆ ಬೇಕಾಯಿತು. ‘ಎಲ್ಲರೂ ಹಾಕ್ತಾರೆ’ ಅನ್ನುವ ನನ್ನ ಮಾತಿಗೆ ಅಡ್ಡ ನಿಲ್ಲುವವರು ಆಫೀಸಿನಲ್ಲಿ ಯಾರೂ ಇರಲಿಲ್ಲ.

ಮಿಲ್ ಕಡೆಯವರು, ಅಂದರೆ ಪರಿಣಾಮ ನೋಡಿ ಒಳಿತು ಕೆಡುಕು ತೀರ್ಮಾನಿಸುವವರು, ಬೇರೆ ಪ್ರಶ್ನೆ ಕೇಳುತ್ತಾರೆ: ಇದರಿಂದ ಎಷ್ಟು ಜನಕ್ಕೆ ಏನಾಗುತ್ತದೆ? ಇದಕ್ಕೆ ಒಂದು ಗಟ್ಟಿ ಉದಾಹರಣೆ ಇದೆ. ಆಸ್ಟ್ರಿಯಾದ ವಿಯೆನ್ನಾದಲ್ಲಿ 1978ರಲ್ಲಿ ಮೆಟ್ರೋ ಶುರುವಾಯಿತು. 80ರ ದಶಕದ ಮಧ್ಯದಲ್ಲಿ ಅಲ್ಲಿ ಪ್ರಾಣ ಕಳೆದುಕೊಳ್ಳುವವರ ಸಂಖ್ಯೆ ಏರಿತು, ಪತ್ರಿಕೆಗಳು ಪ್ರತಿಯೊಂದನ್ನೂ ರೋಚಕವಾಗಿ ಬರೆದವು. 1987ರಲ್ಲಿ ಅಲ್ಲಿನ ತಜ್ಞರು ಪತ್ರಿಕೆಗಳಿಗೆ ಸೂಚನೆ ಕೊಟ್ಟರು: ವಿವರ ಬೇಡ, ಮುಖಪುಟ ಬೇಡ, ಫೋಟೋ ಬೇಡ, ಒಂದೇ ಕಾರಣಕ್ಕೆ ಕಟ್ಟಿಹಾಕಬೇಡಿ. ಪತ್ರಿಕೆಗಳು ಕೇಳಿದವು. ಆರೇ ತಿಂಗಳಲ್ಲಿ ಅಂಥ ಸಾವುಗಳು ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿದವು. ಒಂದು ತಲೆಬರಹ ಬದಲಾದರೆ ಯಾರೋ ಒಬ್ಬರು ಸಂಜೆ ಮನೆಗೆ ವಾಪಸ್ ಬರಬಹುದು ಅಂತಾಯಿತು.

ನಮ್ಮಲ್ಲೂ ಪ್ರೆಸ್ ಕೌನ್ಸಿಲ್ 2019ರ ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಗಳನ್ನು ಅನುಸರಿಸಿ ಇಂಥದ್ದೇ ಮಾರ್ಗಸೂಚಿ ಕೊಟ್ಟಿದೆ. ನನ್ನ ಸುದ್ದಿ ಅದರ ಹೆಚ್ಚುಕಮ್ಮಿ ಎಲ್ಲ ಸಾಲುಗಳನ್ನೂ ಮುರಿದಿತ್ತು. ನಾನು ಅದನ್ನು ಓದಿರಲಿಲ್ಲ. ಓದಿದ್ದರೂ ಏನಾಗುತ್ತಿತ್ತು ಅಂತ ಗ್ಯಾರಂಟಿ ಇಲ್ಲ. ಕೌನ್ಸಿಲ್ ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು, ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ಅದರ ವ್ಯಾಪ್ತಿಯೂ ಪತ್ರಿಕೆ ಮತ್ತು ಸುದ್ದಿಸಂಸ್ಥೆಗಳಿಗಷ್ಟೇ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡಿದರೆ ಮಾತ್ರ ಕಾನೂನು ಗಟ್ಟಿಯಾಗಿ ಹಿಡಿಯುತ್ತದೆ, ಮಕ್ಕಳ ವಿಷಯದಲ್ಲೂ ಹಾಗೆ. ಉಳಿದ ಕಡೆ ಕೀಬೋರ್ಡಿನ ಮುಂದೆ ಕೂತವರು ಎಂಥವರು ಅನ್ನುವುದರ ಮೇಲೆ ಹೋಗುತ್ತದೆ. ಒಳ್ಳೆಯ ಗುಣ ಅನ್ನುವುದು ರೂಢಿಯಿಂದ ಬರುತ್ತದೆ ಅಂತ ಅರಿಸ್ಟಾಟಲ್ ಹೇಳಿದ್ದನ್ನು ಇಲ್ಲಿ ಸೇರಿಸಿಕೊಳ್ಳಿ. ಬೇಗ ಬೇಗ ಹಾಕುವುದೂ ಒಂದು ರೂಢಿಯೇ.

ಸರಿ, ಎಲ್ಲ ಪಶ್ಚಿಮದವರೇ ಆದರು. ಊರಿನಲ್ಲಿ ದೊಡ್ಡಪ್ಪ ಇದ್ದಾರೆ, ಸಂಸ್ಕೃತ ಮೇಷ್ಟರಾಗಿ ನಿವೃತ್ತರಾದವರು. ಆ ಮನೆಗೆ ಹೋಗಿ ಬಂದ ಮಾರನೇ ದಿನ ಅವರ ಜೊತೆ ಕೂಡಲಿಗೆ ಹೋದೆ. ಹೊಳೆಹೊನ್ನೂರಿಗೆ ಹತ್ತಿರವೇ. ತುಂಗೆ ಮತ್ತು ಭದ್ರೆ ಸೇರಿ ತುಂಗಭದ್ರೆ ಆಗುವ ಜಾಗ. ಒಂದು ಕಡೆ ಶಂಕರಾಚಾರ್ಯರ ಪರಂಪರೆಯ ಮಠ, ಇನ್ನೊಂದು ಕಡೆ ಮಧ್ವಾಚಾರ್ಯರ ಶಿಷ್ಯ ಅಕ್ಷೋಭ್ಯ ತೀರ್ಥರ ಹೆಸರಿನ ಮಠ. ಜೀವ ಮತ್ತು ಬ್ರಹ್ಮ ಒಂದೇ ಅನ್ನುವವರೂ ಬೇರೆ ಬೇರೆ ಅನ್ನುವವರೂ ಒಂದೇ ನೀರು ಕುಡಿದುಕೊಂಡು ಶತಮಾನಗಳಿಂದ ವಾದ ಮಾಡಿಕೊಂಡಿದ್ದಾರೆ.

ಮೆಟ್ಟಿಲ ಮೇಲೆ ಕೂತು ದೊಡ್ಡಪ್ಪನಿಗೆ ಎಲ್ಲ ಹೇಳಿದೆ. ‘ನಾನು ಬರೆದಿದ್ದು ಸತ್ಯವೇ ಅಲ್ವಾ’ ಅಂತಲೂ ಹೇಳಿದೆ. ಇನ್ನೂ ಸ್ವಲ್ಪ ಹಟ ಉಳಿದಿತ್ತು.

‘ಕೌಶಿಕನ ಕಥೆ ಗೊತ್ತಾ ನಿಂಗೆ?’ ಅಂದರು.

ಮಹಾಭಾರತದ ಕರ್ಣಪರ್ವದಲ್ಲಿ ಬರುವ ಕಥೆ. ಅಣ್ಣನ ಮೇಲೇ ಕತ್ತಿ ಎತ್ತಿದ ಅರ್ಜುನನಿಗೆ ಕೃಷ್ಣ ಹೇಳುವುದು. ಕೌಶಿಕ ಅನ್ನುವ ತಪಸ್ವಿ, ನದಿಗಳ ಸಂಗಮದ ಹತ್ತಿರ ವಾಸ, ಏನೇ ಆದರೂ ಸತ್ಯವನ್ನೇ ಹೇಳುತ್ತೇನೆ ಅನ್ನುವ ವ್ರತ. ಒಂದು ದಿನ ಕಳ್ಳರಿಗೆ ಹೆದರಿದ ಜನ ಓಡಿಬಂದು ಕಾಡಿನಲ್ಲಿ ಅಡಗಿಕೊಂಡರು. ಹಿಂದೆಯೇ ಬಂದ ಕಳ್ಳರು ‘ಎಲ್ಲಿ ಹೋದರು’ ಅಂತ ಕೇಳಿದರು. ಕೌಶಿಕ ಸತ್ಯ ಹೇಳಿದ. ಕಳ್ಳರು ಹೋಗಿ ಅವರನ್ನೆಲ್ಲ ಕೊಂದರು. ಸತ್ಯವ್ರತಿ ನರಕಕ್ಕೆ ಹೋದ.

ತಮಾಷೆ ನೋಡಿ, 1797ರಲ್ಲಿ ಕಾಂಟ್‌ಗೂ ಇದೇ ಪ್ರಶ್ನೆ ಎದುರಾಗಿತ್ತು. ಕೊಲೆಗಾರ ಬಾಗಿಲಿಗೆ ಬಂದು, ನಿನ್ನ ಸ್ನೇಹಿತ ಒಳಗಿದ್ದಾನಾ ಅಂತ ಕೇಳಿದರೆ ಸುಳ್ಳು ಹೇಳಬಹುದಾ? ಹೇಳಬಾರದು ಅಂದ ಕಾಂಟ್. ಕೃಷ್ಣ ಅವನನ್ನೂ ಕೌಶಿಕನ ಪಕ್ಕ ಕೂರಿಸುತ್ತಿದ್ದನೇನೋ. ಫೋಟೋದ ವಿಷಯದಲ್ಲಿ ನನ್ನನ್ನು ಹಿಡಿದ ಕಾಂಟ್ ಈ ವಿಷಯದಲ್ಲಿ ನನ್ನ ಕಡೆ ಬಂದುಬಿಟ್ಟಿದ್ದ. ನನಗೆ ಮಾತ್ರ ಸಮಾಧಾನವಾಗಲಿಲ್ಲ.

‘ಹಾಗಾದ್ರೆ ಪುಣ್ಯಕೋಟಿ?’ ಅಂದೆ. ಅಮ್ಮ ಪ್ರತಿ ವರ್ಷ ಮಕ್ಕಳಿಗೆ ಹೇಳಿಕೊಡುತ್ತಿದ್ದ ಗೋವಿನ ಹಾಡು. ಅವಳಿಗೂ ಸತ್ಯವೇ ದೊಡ್ಡದಾಗಿತ್ತಲ್ಲ.

ದೊಡ್ಡಪ್ಪ ಸ್ವಲ್ಪ ಹೊತ್ತು ಹೊಳೆ ನೋಡಿದರು. ‘ಪುಣ್ಯಕೋಟಿ ತನ್ ಪ್ರಾಣ ಕೊಡಕ್ಕೆ ಹೋದ್ಲು ಪುಟ್ಟಿ. ಕೌಶಿಕ ಬೇರೆಯೋರ ಪ್ರಾಣ ಕೊಟ್ಟ.’

ಆಮೇಲೆ ನನಗೆ ನಮ್ಮ ಪತ್ರಿಕೋದ್ಯಮದ ಚರಿತ್ರೆ ಬೇರೆ ರೀತಿ ಕಾಣತೊಡಗಿತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ತಂದ ಲಾಗಾಯ್ತು ಸತ್ಯ ಹೇಳಿದವರು ಬಹಳ ಜನ. ಆ ಸತ್ಯದ ಬಿಲ್ಲನ್ನು ಯಾರು ಕಟ್ಟಿದರು ಅನ್ನುವುದನ್ನು ಮಾತ್ರ ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ಮಂಕುತಿಮ್ಮನ ಕಗ್ಗದ ಡಿವಿಜಿ ಮೂಲತಃ ಪತ್ರಕರ್ತರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ‘ಕರ್ನಾಟಕ’ ಅನ್ನುವ ಇಂಗ್ಲಿಷ್ ಪತ್ರಿಕೆ ನಡೆಸಿದವರು, ಪತ್ರಿಕಾವೃತ್ತಿಯ ಬಗ್ಗೆ ಕನ್ನಡದಲ್ಲಿ ‘ವೃತ್ತಪತ್ರಿಕೆ’ ಅಂತ ಪುಸ್ತಕವನ್ನೇ ಬರೆದವರು. ಅವರು ತೀರಿಹೋದ ಮೇಲೆ ನಗದು ಮಾಡಿಸದ ಚೆಕ್ಕುಗಳು ಟ್ರಂಕಿನಲ್ಲಿ ಸಿಕ್ಕವು ಅನ್ನುವ ಕಥೆ ನೀವೂ ಕೇಳಿರುತ್ತೀರಿ. ನಮ್ಮ ಜಿಲ್ಲೆಯ ಕೊನಗವಳ್ಳಿಯ ಪಿ. ಲಂಕೇಶ್ 1980ರಲ್ಲಿ ಪತ್ರಿಕೆ ಶುರುಮಾಡಿ ಜಾಹೀರಾತೇ ಇಲ್ಲದೆ ನಡೆಸಿದರು. ಓದುಗ ಕೊಟ್ಟ ಕಾಸಿನಲ್ಲೇ ಪತ್ರಿಕೆ ನಡೆಯಬೇಕು. ಅವರ ಬರಹದ ಮೊನಚು ಕೆಲವು ಸಲ ಅತಿಯಾಯಿತು ಅನ್ನುವವರು ಇದ್ದಾರೆ, ನನಗೂ ಕೆಲವು ಕಡೆ ಹಾಗನ್ನಿಸುತ್ತದೆ. ಆದರೆ ಅವರು ಕುಟುಕಿದ್ದು ಹೆಚ್ಚಾಗಿ ತಿರುಗಿ ಕುಟುಕಬಲ್ಲವರನ್ನು. ಮಂತ್ರಿಯ ಬಗ್ಗೆ ಬರೆದರೆ ಕೇಸು ಬೀಳಬಹುದು, ಜಾಹೀರಾತು ಹೋಗಬಹುದು. ಆ ಹಳ್ಳಿಯ ತಾಯಿ ನನಗೆ ಏನು ಮಾಡಬಲ್ಲರು? ಕಾಫಿ ಕೊಟ್ಟರು.

ಇಲ್ಲಿ ಒಂದು ಅಪಾಯವೂ ಇದೆ, ಹೇಳಿಬಿಡುತ್ತೇನೆ. ಕೌಶಿಕನ ಕಥೆಯನ್ನು ಎಲ್ಲರಿಗಿಂತ ಮೊದಲು ಎತ್ತಿಕೊಳ್ಳುವವರು ಅಧಿಕಾರದಲ್ಲಿರುವವರೇ. ‘ಇದನ್ನು ಬರೆದರೆ ಜನರಿಗೆ ತೊಂದರೆ, ಸಮಾಜದ ಶಾಂತಿ ಹಾಳು’ ಅನ್ನುತ್ತಾ ಮುಚ್ಚಿಡುವವರು ಎಲ್ಲ ಊರಿನಲ್ಲೂ ಇದ್ದಾರೆ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಹುಡುಗಿಯರ ಸಾವು ‘ಮರ್ಯಾದೆ ಪ್ರಶ್ನೆ’ ಅಂತ ಹಾಗೇ ಮಣ್ಣಾಗಿದೆ. ಹಾಗಾಗಿ ಸುಮ್ಮನಿರುವುದೇ ನೀತಿ ಅಂತ ನಾನು ಹೇಳಲಾರೆ. ಹಾಸ್ಟೆಲಿನಲ್ಲಿ ಕಿರುಕುಳ ಇತ್ತಾ, ಯಾರಾದರೂ ಹಿಂಸೆ ಕೊಟ್ಟರಾ, ಕಾಲೇಜಿನಲ್ಲಿ ಮಕ್ಕಳ ಮಾತು ಕೇಳುವವರು ಒಬ್ಬರಾದರೂ ಇದ್ದಾರಾ, ಇವನ್ನು ಕೇಳಲೇಬೇಕು. ಅದಕ್ಕೆ ಇಪ್ಪತ್ತು ನಿಮಿಷ ಸಾಲದು. ನಾನು ಬರೆದ ‘ಫೇಲಾಗಿದ್ದಕ್ಕೆ’ ಅನ್ನುವ ಪದ ನಿಜಕ್ಕೂ ಮಾಡಿದ್ದು ಅದನ್ನೇ: ಕೇಳಬೇಕಾದ ಪ್ರಶ್ನೆಗಳ ಬಾಯಿ ಮುಚ್ಚಿಸಿತು. ಕಾರಣ ಸಿಕ್ಕಿತು, ಎಲ್ಲರೂ ಮುಂದಿನ ಸುದ್ದಿಗೆ ಹೋದರು.

ಅವತ್ತು ಏಳುವ ಮೊದಲು ದೊಡ್ಡಪ್ಪ ಇನ್ನೊಂದು ಮಾತು ಹೇಳಿದ್ದರು. ಶಾಸ್ತ್ರದ ವಾದದಲ್ಲಿ ನಿನ್ನ ಸಿದ್ಧಾಂತ ಹೇಳುವ ಮೊದಲು ಎದುರಿನವರ ಪೂರ್ವಪಕ್ಷ ಹೇಳಬೇಕು. ‘ಹೆಂಗ್ ಹೇಳ್ಬೇಕು ಅಂದ್ರೆ, ಅವ್ನೇ ಕೇಳಿಸ್ಕೊಂಡು, ಹೌದಪ್ಪ, ನಾನು ಹೇಳಿದ್ದು ಇದೇ, ನನಗಿಂತ ಚೆನ್ನಾಗಿ ಹೇಳ್ದೆ ಅನ್ಬೇಕು. ಆಮೇಲೆ ಖಂಡನೆ.’ ನಮ್ಮ ಸುದ್ದಿಗಳ ಕೊನೆಯಲ್ಲಿ ‘ಪ್ರತಿಕ್ರಿಯೆಗೆ ಲಭ್ಯರಾಗಲಿಲ್ಲ’ ಅಂತ ಒಂದು ಸಾಲು ಹಾಕಿ ಕೈ ತೊಳೆದುಕೊಳ್ಳುತ್ತೇವಲ್ಲ, ಅದು ನೆನಪಾಗಿ ನಾಚಿಕೆಯಾಯಿತು. ಹಾಗಂತ ಮಗಳನ್ನು ಕಳೆದುಕೊಂಡ ಗಂಟೆಯಲ್ಲೇ ಆ ಮನೆಗೆ ಫೋನ್ ಮಾಡಬೇಕಿತ್ತಾ? ಬೇಡ. ಕಾಯಬೇಕಿತ್ತು. ಅವರ ಪಕ್ಷ ಗೊತ್ತಾಗುವ ತನಕ ನನ್ನ ಸಿದ್ಧಾಂತ ಬರೆಯಬಾರದಿತ್ತು, ಅಷ್ಟೇ.

ನಾನು ಕೆಲಸ ಬಿಡಲಿಲ್ಲ. ಬಿಟ್ಟಿದ್ದರೆ ಕಥೆ ಚೆನ್ನಾಗಿರುತ್ತಿತ್ತೇನೋ, ಆದರೆ ಮನೆ ಬಾಡಿಗೆ ಕಟ್ಟಬೇಕು. ಈಗ ಬೇರೆ ಕಡೆ ಇದ್ದೇನೆ, ಡೆಸ್ಕಿನಲ್ಲಿ ಸ್ವಲ್ಪ ಸೀನಿಯರ್. ಈ ಸಲದ ರಿಸಲ್ಟ್ ದಿನವೂ ಒಂದು ಸುದ್ದಿ ಬಂತು, ಬೇರೆ ಜಿಲ್ಲೆಯದು. ಹೊಸದಾಗಿ ಸೇರಿದ ಹುಡುಗ ಫಾಸ್ಟಾಗಿ ಟೈಪ್ ಮಾಡಿ ಕಳಿಸಿದ. ತಲೆಬರಹದಲ್ಲಿ ಅದೇ ‘ಕ್ಕೆ’. ಅಳಿಸಿದೆ. ಹೆಸರು ತೆಗೆದೆ, ಊರು ತೆಗೆದೆ, ಹೇಗೆ ಅನ್ನುವ ಪ್ಯಾರಾ ಪೂರ್ತಿ ತೆಗೆದೆ. ಟೆಲಿ ಮಾನಸ್ ಸಹಾಯವಾಣಿ 14416 ಅಂತ ಸುದ್ದಿಯ ಮೇಲ್ಗಡೆಯೇ ಹಾಕಿದೆ. (ನಿಮಗಾಗಲಿ, ನಿಮ್ಮ ಮನೆಯವರಿಗಾಗಲಿ ಮನಸ್ಸು ತೀರಾ ಭಾರವಾಗಿದ್ದರೆ ಈ ನಂಬರಿಗೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.) ಹುಡುಗ ಮುಖ ಸಣ್ಣ ಮಾಡಿಕೊಂಡು ‘ಮೇಡಂ, ಇನ್ನೇನ್ ಉಳೀತು ಇದ್ರಲ್ಲಿ?’ ಅಂದ. ಅವನ ಪ್ರಶ್ನೆ ತಪ್ಪಲ್ಲ. ಆರು ಸಾಲು ಉಳಿದಿತ್ತು. ಬೇರೆಯವರು ಫೋಟೋ ಸಮೇತ ಹಾಕಿದ್ದರು, ನಮ್ಮದನ್ನು ಯಾರೂ ಅಷ್ಟಾಗಿ ಓದಲಿಲ್ಲ. ಸಂಜೆ ಮೀಟಿಂಗಿನಲ್ಲಿ ಆ ಮಾತು ಬಂತು, ನಾನು ಹೇಳುವಷ್ಟು ಹೇಳಿದೆ. ಒಪ್ಪಿದರೋ ಬಿಟ್ಟರೋ ಗೊತ್ತಿಲ್ಲ.

ಆ ಮನೆಯ ತಂಗಿ ಕೊನೆಗೆ ಶಾಲೆಗೆ ಹೋದಳು. ಅಮ್ಮ ವಾರಕ್ಕೆರಡು ಸಲ ಹೋಗಿ ಗಣಿತ ಹೇಳಿಕೊಟ್ಟಳು. ಅದರಲ್ಲಿ ನನ್ನ ಪಾಲು ಏನೂ ಇಲ್ಲ.

ನನ್ನ ಪಾಲಿನದು ಬೇರೆ. ಅವತ್ತು ಹೊರಡುವಾಗ ಆ ತಾಯಿ ಬಾಗಿಲ ತನಕ ಬಂದು ಕೇಳಿದ್ದರು, ‘ಅವಳ ಹೆಸರು ಹಾಕಿದ್ರೆ ಫೋನಲ್ಲಿ ಆ ಫೋಟೋ ಬರ್ತದಂತೆ. ತೆಗೆಸಕ್ಕಾಗತ್ತಾ?’ ನಮ್ಮ ಸೈಟಿನದನ್ನು ವಾರದೊಳಗೆ ತೆಗೆಸಿದೆ. ಅಷ್ಟರಲ್ಲಿ ಅದನ್ನು ಎತ್ತಿ ಹಾಕಿಕೊಂಡವರು ಹನ್ನೊಂದು ಜನ. ಒಬ್ಬೊಬ್ಬರಿಗೂ ಮೇಲ್ ಬರೆಯುತ್ತಾ ಬಂದಿದ್ದೇನೆ. ಕೆಲವರು ತಕ್ಷಣ ತೆಗೆದರು, ಕೆಲವರಿಗೆ ನಾಲ್ಕು ಸಲ ಬರೆಯಬೇಕಾಯಿತು, ಒಬ್ಬರು ‘ಅದು ಸತ್ಯ ಸುದ್ದಿ, ಯಾಕೆ ತೆಗೀಬೇಕು’ ಅಂತ ನನ್ನನ್ನೇ ಕೇಳಿದರು. ಮೊನ್ನೆ ಮತ್ತೆ ಅವಳ ಹೆಸರು ಹಾಕಿ ಹುಡುಕಿದೆ. ಇನ್ನೂ ಎರಡು ಉಳಿದಿವೆ.